ಓನರ್ ಹತ್ತಿರ ಆರೋಗ್ಯದ ಸರ್ಟಿಫಿಕೇಟ್ ಕೇಳಬಹುದಾ?

ಪ್ರಶ್ನೆ: ಸರ್, ನಾವು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಬಾಡಿಗೆಗೆ ಇದ್ದೇವೆ. ಸಂಪಿನ ಪಕ್ಕದಲ್ಲೇ ಸೆಪ್ಟಿಕ್ ಟ್ಯಾಂಕ್ ಇದೆ. ಮಳೆ ಶುರುವಾದಾಗಿನಿಂದ ಇಬ್ಬರು ಮಕ್ಕಳಿಗೂ ಪದೇ ಪದೇ ವಾಂತಿ-ಭೇದಿ. ಓನರ್‌ಗೆ ಹೇಳಿದರೆ, ‘ಪಾಲಿಕೆಯವರೇ ಮನೆಗೆ ಪರ್ಮಿಷನ್ ಕೊಟ್ಟಿದ್ದಾರೆ, ಇನ್ನೇನು?’ ಅಂತಾರೆ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ, ಅಲ್ಲಿ ತಪಾಸಣೆ ಆಗದೆ ಮನೆ ಬಾಡಿಗೆಗೆ ಕೊಡುವಂತಿಲ್ಲ ಅಂತಾನೆ. ನಮ್ಮಲ್ಲೂ ಹಾಗೇನಾದರೂ ಇದೆಯಾ?

ಉತ್ತರ: ಮೊದಲು ಮಕ್ಕಳ ವಿಷಯ. ಆ ಸಂಪಿನ ನೀರನ್ನು ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಇವತ್ತಿನಿಂದಲೇ ಬಳಸಬೇಡಿ. ಬೇರೆ ನೀರು ಸಿಗದಿದ್ದರೆ ಕುದಿ ಬಂದ ಮೇಲೂ ಒಂದು ನಿಮಿಷ ಬಿಟ್ಟು ಇಳಿಸಿ. ಭೇದಿಯಾದಾಗ ಓಆರ್‌ಎಸ್ ಕೊಡಿ. ಮಗು ಮಂಕಾದರೆ, ಉಚ್ಚೆ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಸರ್ಟಿಫಿಕೇಟ್. ನಿಮ್ಮ ತಮ್ಮ ಹೇಳಿದ್ದು ನಿಜ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ಗ್ಯಾಸ್ ವ್ಯವಸ್ಥೆಯನ್ನು ವರ್ಷಕ್ಕೊಮ್ಮೆ, ವೈರಿಂಗನ್ನು ಕನಿಷ್ಠ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಅದರ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು. ನಮ್ಮಲ್ಲಿ ಮಾಮೂಲಿ ಬಾಡಿಗೆ ಮನೆಗೆ ಅಂಥ ಪತ್ರ ಯಾವುದೂ ಇಲ್ಲ. ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಪಾಲಿಕೆ ಕೊಡುವ ಪರ್ಮಿಷನ್, ಒಸಿ (ಆಕ್ಯುಪೆನ್ಸಿ ಸರ್ಟಿಫಿಕೇಟ್) ಎಲ್ಲ ಕಟ್ಟಡಕ್ಕೆ ಸಂಬಂಧಿಸಿದ್ದು. ಮನೆ ಪ್ಲಾನ್ ಪ್ರಕಾರ ಇದೆಯಾ ಅಂತ ಕಟ್ಟಿದಾಗ ನೋಡುತ್ತಾರೆ ಅಷ್ಟೆ. ನಿಮ್ಮ ಸಂಪಿನಲ್ಲಿ ಇವತ್ತು ಇರುವ ನೀರಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಾಗಂತ ನಿಮ್ಮ ಕೈ ಕಟ್ಟಿಲ್ಲ. ಎರಡು ಕಡೆಯ ನೀರು ಟೆಸ್ಟ್ ಮಾಡಿಸಿ. ಒಂದು, ನಲ್ಲಿ ಬಿಟ್ಟಾಗ ಪೈಪಿನಿಂದ ನೇರವಾಗಿ ಹಿಡಿದಿದ್ದು. ಇನ್ನೊಂದು, ಸಂಪಿನದು. ಬಾಟಲಿಯನ್ನು ಲ್ಯಾಬ್‌ನವರಿಂದಲೇ ತನ್ನಿ, ಕೂಲ್‌ಡ್ರಿಂಕ್ಸ್ ಬಾಟಲಿ ನಡೆಯುವುದಿಲ್ಲ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 10500 ಪ್ರಕಾರ, 100 ಮಿಲಿ ನೀರಿನಲ್ಲಿ ಇ-ಕೊಲೈ (ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ನಲ್ಲಿ ನೀರು ಚೆನ್ನಾಗಿದ್ದು ಸಂಪಿನದು ಕೆಟ್ಟಿದ್ದರೆ ರಿಪೇರಿ ಆಗಬೇಕಾದ್ದು ಓನರ್ ಮನೆಯಲ್ಲಿ. ಎರಡೂ ಕೆಟ್ಟಿದ್ದರೆ ಪಾಲಿಕೆಯ ಪೈಪನ್ನೂ ನೋಡಬೇಕು. ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದು ನೆನಪಿದೆ ಅಲ್ವಾ? ಅದು ನಗರಕ್ಕೆ ಸರಬರಾಜಾದ ನೀರೇ ಆಗಿತ್ತು.

ನಿಮ್ಮ ವಿಷಯದಲ್ಲಿ ನನಗೆ ಅನುಮಾನ ಇರುವುದು ಸಂಪಿನ ಮೇಲೆ. ನಮ್ಮ ಕಡೆ ನಲ್ಲಿ ದಿನಾ ಬರುವುದಿಲ್ಲ, ಸಂಪು ತುಂಬುತ್ತೆ, ಖಾಲಿಯಾಗುತ್ತೆ. ಖಾಲಿಯಾದಾಗ ಗೋಡೆಯಲ್ಲಿ ಸಣ್ಣ ಬಿರುಕಿದ್ದರೂ ಸಾಕು, ಹೊರಗಿನ ನೀರು ಒಳಗೆ ಜಿನುಗುತ್ತದೆ. ಎರೆ ನೆಲವಾದರೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಸಂಪಿನ ಗೋಡೆಯನ್ನೂ ಬಿಡುವುದಿಲ್ಲ. ಹೀಗೆ ಸೋರುತ್ತಿದ್ದರೆ ಸುಮ್ನೆ ಬ್ಲೀಚಿಂಗ್ ಪೌಡರ್ ಹಾಕಿ ಪ್ರಯೋಜನವಿಲ್ಲ. ಖಾಲಿ ಮಾಡಿಸಿ, ಬಿರುಕು ಮುಚ್ಚಿಸಿ, ವಾಟರ್‌ಪ್ರೂಫ್ ಮಾಡಿಸಬೇಕು. ಸೆಪ್ಟಿಕ್ ಟ್ಯಾಂಕನ್ನು ಸಕ್ಕಿಂಗ್ ಗಾಡಿಯಿಂದಲೇ ಖಾಲಿ ಮಾಡಿಸಿ. ಒಳಗೆ ಮನುಷ್ಯರನ್ನು ಇಳಿಸಲೇಬೇಡಿ. ವಿಷಗಾಳಿಗೆ ಜೀವ ಹೋಗುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಾಧನವಿಲ್ಲದೆ ಇಳಿಸುವುದು ಅಪರಾಧವೂ ಹೌದು.

ರಿಪೋರ್ಟ್ ಬಂದ ಮೇಲೆ ಅದರ ಪ್ರತಿ ಇಟ್ಟು ಓನರ್‌ಗೆ ಪತ್ರ ಬರೆಯಿರಿ. ಒಪ್ಪದಿದ್ದರೆ ಪಾಲಿಕೆಯ ಆರೋಗ್ಯ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಲ್ತ್ ಇನ್‌ಸ್ಪೆಕ್ಟರ್ ಬಾಯಿಮಾತಿಗೆ ಬರದೇ ಇರಬಹುದು, ಸೀಲು ಬಿದ್ದ ಅರ್ಜಿಯನ್ನು ಬದಿಗಿಡುವುದು ಕಷ್ಟ. ಬಾಡಿಗೆ ನಿಲ್ಲಿಸಬೇಡಿ, ಅದು ನಿಮಗೇ ತಿರುಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಯಾವ ರಿಪೇರಿ ಯಾರದು ಅನ್ನುವುದು ಕರಾರಿನಲ್ಲಿ ಇಲ್ಲದಿದ್ದರೆ ಜಗಳ ಅಲ್ಲೇ ಶುರು. ಮುಂದಿನ ಸಲ ಅಡ್ವಾನ್ಸ್ ಕೊಡುವ ಮುಂಚೆ ಸಂಪು, ಟ್ಯಾಂಕು, ಸೆಪ್ಟಿಕ್ ಮೂರನ್ನೂ ಕರಾರಿನಲ್ಲಿ ಬರೆಸಿ.

ಪ್ರಶ್ನೆ: ಗಂಗಾವತಿಯಲ್ಲಿ ನನ್ನ ನಾಲ್ಕು ಮನೆ ಬಾಡಿಗೆಗಿವೆ. ಸೊಳ್ಳೆ ಮರಿ ಸಿಕ್ಕರೆ ದಂಡ ಹಾಕ್ತಾರಂತೆ. ಕಟ್ಟಬೇಕಾದ್ದು ನಾನೋ, ಬಾಡಿಗೆಯವರೋ?

ಉತ್ತರ: 2024ರಲ್ಲಿ ಡೆಂಗಿ ಜಾಸ್ತಿಯಾದಾಗ ಸರ್ಕಾರ ತಂದ ನಿಯಮ ಅದು. ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಖಾಲಿ ಸೈಟಿಗೆ ನಗರದಲ್ಲಿ 2,000. ಹೊಣೆ ಮಾಲೀಕರಿಗೂ ಇದೆ, ವಾಸ ಇರುವವರಿಗೂ ಇದೆ. ನನ್ನ ಪ್ರಕಾರ ಮೇಲಿನ ಟ್ಯಾಂಕಿನ ಮುಚ್ಚಳ, ಸಂಪಿನ ಮುಚ್ಚಳ ನಿಮ್ಮದು. ಮನೆಯೊಳಗಿನ ಡ್ರಮ್ಮು, ಕೂಲರ್ ಅವರದು. ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ಗಟ್ಟಿಯಾಗಿ ಉಜ್ಜಲು ಹೇಳಿ. ಡೆಂಗಿ ಸೊಳ್ಳೆಯ ಮೊಟ್ಟೆ ಅಲ್ಲೇ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.