ಕಿಲ್ಕೆನಿಯಲ್ಲಿ ಬದುಕೋಕೆ ಹೆನ್ರಿ ಶೆಫ್ಲಿನ್ ಗೊತ್ತಿರಲಿ

ಐರ್ಲೆಂಡಿನ ಕಿಲ್ಕೆನಿಯಲ್ಲಿ ಕೆಲಸಕ್ಕೆ ಸೇರಿದ್ದೀನಿ, ಊಟದ ಹೊತ್ತಿಗೆ ಎಲ್ಲರೂ ಹರ್ಲಿಂಗ್ (ಕೋಲು-ಚೆಂಡಿನ ಐರಿಶ್ ಆಟ) ಮಾತಾಡ್ತಾರೆ, ನಾನೊಬ್ಬಳೇ ಸುಮ್ಮನೆ ಕೂತಿರ್ತೀನಿ, ಇವರ ಜೊತೆ ಬೆರೆಯೋದು ಹೇಗೆ ಅಂತ ಕೇಳಿದ್ದೀರಿ. ಬಾಡಿಗೆ, ಚಳಿ, ತೊಗರಿಬೇಳೆ ಎಲ್ಲಾ ನಿಧಾನಕ್ಕೆ ಹೊಂದಿಕೊಳ್ಳುತ್ತೆ. ಇದಕ್ಕೆ ಮಾತ್ರ ಸ್ವಲ್ಪ ಓದಿಕೊಳ್ಳಬೇಕು, ಓದೋದನ್ನ ಕಿಲ್ಕೆನಿಯ ಹಳೇ ಹರ್ಲಿಂಗ್ ಆಟಗಾರ ಹೆನ್ರಿ ಶೆಫ್ಲಿನ್‌ನಿಂದ ಶುರು ಮಾಡಿ.

ಮೊದಲು ಲೆಕ್ಕ. ಬೋರ್ಡಿನಲ್ಲಿ 2-13 ಅಂತಿದ್ದರೆ ಎರಡು ಗೋಲು, ಹದಿಮೂರು ಪಾಯಿಂಟ್. ಬಲೆಯೊಳಗೆ ಹೋದರೆ ಮೂರು, ಅಡ್ಡಪಟ್ಟಿಯ ಮೇಲೆ ಹೋದರೆ ಒಂದು. ಶೆಫ್ಲಿನ್ 1999ರಿಂದ 2014ರವರೆಗೆ ಕೌಂಟಿಗಳ (ಅಲ್ಲಿನ ಜಿಲ್ಲೆಗಳ) ನಡುವಿನ ಅಖಿಲ ಐರ್ಲೆಂಡ್ ಚಾಂಪಿಯನ್‌ಶಿಪ್‌ನಲ್ಲಿ ಗಳಿಸಿದ್ದು 27-484, ಅಂದರೆ 565. ಆಗ ಅದೇ ದಾಖಲೆ. ಆಮೇಲೆ ಗಾಲ್ವೇ ಕೌಂಟಿಯ ಜೋ ಕ್ಯಾನಿಂಗ್ ದಾಟಿದ, ಅವನನ್ನ ಟಿ.ಜೆ. ರೀಡ್ ದಾಟಿದ. ಈ ರೀಡ್ ಶೆಫ್ಲಿನ್‌ನ ಊರು ಬ್ಯಾಲಿಹೇಲ್‌ನವನೇ ಅನ್ನೋದನ್ನ ಯಾರಾದರೂ ನಿಮಗೆ ಹೇಳದೆ ಬಿಡೋದಿಲ್ಲ.

ಅಖಿಲ ಐರ್ಲೆಂಡ್ ಪದಕ ಹತ್ತು, ವರ್ಷದ ಆಟಗಾರ ಪ್ರಶಸ್ತಿ ಮೂರು ಸಲ. ಇಷ್ಟಕ್ಕೂ ಸಂಬಳ ಅಂತ ಒಂದು ಕಾಸಿಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಎಂಬತ್ತು ಸಾವಿರ ಜನರೆದುರು ಆಡಿ ಮತ್ತೆ ತಮ್ಮ ತಮ್ಮ ನೌಕರಿಗೆ ಹೋಗೋರು ಇವರು. ನೀವು ಕೊಡಗಿನವರು, ಕೌಟುಂಬಿಕ ಹಾಕಿಯಲ್ಲಿ ಒಕ್ಕದ (ಮನೆತನದ) ಹೆಸರಿಗೆ ಆಡ್ತಾರಲ್ಲ, ಇಲ್ಲಿ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರಿನ ಕ್ಲಬ್ ಹೆಸರಿಗೆ, ಮತ್ತೆ ಕೌಂಟಿಯ ಹೆಸರಿಗೆ. ಹರಾಜು, ಖರೀದಿ ಏನೂ ಇಲ್ಲ. ಐಪಿಎಲ್ ನೋಡಿ ಬೆಳೆದ ನಮ್ಮ ಹುಡುಗರಿಗೆ ಇದನ್ನ ನಂಬಿಸೋದೇ ಕಷ್ಟ.

ಪದಕಕ್ಕಿಂತ 2010ರ ಸೋಲಿನ ಬಗ್ಗೆ ಕೇಳಿ. ಸತತ ನಾಲ್ಕು ವರ್ಷ ಗೆದ್ದಿದ್ದ ಕಿಲ್ಕೆನಿ ಐದನೆಯದಕ್ಕೆ ಹೊರಟಿತ್ತು. ಕಾರ್ಕ್ ಜೊತೆಗಿನ ಸೆಮಿಫೈನಲ್‌ನಲ್ಲಿ ಶೆಫ್ಲಿನ್‌ನ ಮಂಡಿಯ ಲಿಗಮೆಂಟ್ ಹರಿಯಿತು. ತಿಂಗಳೊಳಗೆ ಫೈನಲ್. ಅವನು ಓಡ್ತಾನಾ ಇಲ್ವಾ ಅಂತ ನೋಡೋಕೆ ಕಿಲ್ಕೆನಿಯ ನೌಲನ್ ಪಾರ್ಕ್ ಮೈದಾನಕ್ಕೆ ಸಾವಿರಾರು ಜನ ಬಂದರು, ಪಂದ್ಯಕ್ಕಲ್ಲ, ಬರೀ ಅಭ್ಯಾಸಕ್ಕೆ! ಫೈನಲ್‌ಗೆ ಇಳಿದೇಬಿಟ್ಟ. ಕಾಲು ಗಂಟೆಯೂ ಆಗಿರಲಿಲ್ಲ, ಮಂಡಿ ಕೈಕೊಟ್ಟಿತು. ಕುಂಟುತ್ತಾ ಹೊರಬಂದ. ಎದುರಾಳಿ ಟಿಪ್ಪರರಿಯ ಲಾರ್ ಕಾರ್ಬೆಟ್ ಮೂರು ಗೋಲು ಹೊಡೆದ, ಟಿಪ್ಪರರಿ ಗೆದ್ದಿತು. ಟಿಪ್ಪರರಿ ಪಕ್ಕದ ಕೌಂಟಿಯೇ, ಅಲ್ಲಿನವರ ಎದುರು ಈ ಮಾತು ಎತ್ತಿದರೆ ಬೇರೆ ಕಥೆ ಕೇಳಬೇಕಾಗುತ್ತೆ.

2012ರದ್ದೂ ಇದೆ. ಗಾಲ್ವೇ ಜೊತೆಗಿನ ಫೈನಲ್, ಕೊನೆಯ ನಿಮಿಷಗಳು, ಸಮಬಲ. ಕಿಲ್ಕೆನಿಗೆ ಪೆನಾಲ್ಟಿ ಸಿಕ್ಕಿತು. ಗೋಲಿಗೆ ಹೊಡೆಯದೆ ಶೆಫ್ಲಿನ್ ಚೆಂಡನ್ನ ಪಟ್ಟಿಯ ಮೇಲೆ ಕಳಿಸಿ ಒಂದು ಪಾಯಿಂಟ್ ತಗೊಂಡ. ಕಡೇ ಗಳಿಗೆಯಲ್ಲಿ ಕ್ಯಾನಿಂಗ್ ಫ್ರೀ (ಫೌಲ್‌ಗೆ ಸಿಗೋ ಹೊಡೆತ) ಹೊಡೆದು ಸಮ ಮಾಡಿದ. 1959ರ ನಂತರ ಮೊದಲ ಸಲ ಫೈನಲ್ ಮತ್ತೆ ಆಡಬೇಕಾಯ್ತು. ಮರುಪಂದ್ಯ ಕಿಲ್ಕೆನಿ ಸಲೀಸಾಗಿ ಗೆದ್ದಿತು ಅನ್ನೋದು ಬೇರೆ ಮಾತು, ಆ ಪೆನಾಲ್ಟಿಯ ತಕರಾರು ಮುಗಿದಿಲ್ಲ. ನನ್ನನ್ನ ಕೇಳಿದರೆ ಅವನು ಮಾಡಿದ್ದು ಸರಿ.

2015ರ ಮಾರ್ಚ್ 17ರಂದು ಊರಿನ ಕ್ಲಬ್ ಜೊತೆ ಕ್ಲಬ್‌ಗಳ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದು, ಮುಂದಿನ ವಾರ ಕೌಂಟಿ ತಂಡದಿಂದ ನಿವೃತ್ತಿ ಹೇಳಿದ.

ಎರಡು ವಿಷಯ ನೆನಪಿರಲಿ. ಇದು ಹಾಕಿ ಥರ ಇದೆ ಅಂತ ಮಾತು ಶುರು ಮಾಡಬೇಡಿ, ಎಲ್ಲ ಹೊಸಬರೂ ಅದನ್ನೇ ಹೇಳ್ತಾರೆ. "ನಿಮ್ಮದು ಯಾವ ಕ್ಲಬ್?" ಅಂತ ಕೇಳಿ, ನಗುನಗುತ್ತಾ ಹೇಳ್ತಾರೆ. ಸ್ವಲ್ಪ ಸಲುಗೆ ಬಂದ ಮೇಲೆ, 2022ರಲ್ಲಿ ಗಾಲ್ವೇಯ ಮ್ಯಾನೇಜರ್ ಆಗಿದ್ದ ಶೆಫ್ಲಿನ್ ತನ್ನ ಹಳೇ ಗುರು ಬ್ರಯನ್ ಕೋಡಿಯ ಕಿಲ್ಕೆನಿಯನ್ನ ಗಾಲ್ವೇಯ ಸಾಲ್ಟ್‌ಹಿಲ್‌ನಲ್ಲಿ ಒಂದೇ ಪಾಯಿಂಟಿಂದ ಸೋಲಿಸಿದಾಗ ಇಬ್ಬರೂ ಕೈಕುಲುಕಿದ ರೀತಿ ಹೇಗಿತ್ತು ಅಂತ ಕೇಳಿ. ಕೇಳಿ ಸುಮ್ಮನಾಗಿ, ಯಾರ ಪರವೂ ಮಾತಾಡಬೇಡಿ. ಅವತ್ತು ಊಟದ ಬಿಡುವು ಸಾಲೋದಿಲ್ಲ.