ಬೆರಳು ಮೊದಲು, ಪ್ರೋಬ್ ನಂತರ

ಪ್ರಶ್ನೆ: ನಾನು ವೈದ್ಯಕೀಯ ವಿದ್ಯಾರ್ಥಿನಿ. ಭುಜ, ಮಂಡಿಗಳ ನೋವಿನ ರೋಗಿಗಳನ್ನು ಪರೀಕ್ಷಿಸುವಾಗ ಅಲ್ಟ್ರಾಸೌಂಡ್ ಬಳಸುವುದನ್ನೂ ನಮಗೆ ಕಲಿಸುತ್ತಿದ್ದಾರೆ. ಎಂಆರ್‌ಐ ಇರುವಾಗ ಇದರ ಅಗತ್ಯವೇನು? ಕೈಯಿಂದ ಮುಟ್ಟಿ ಪರೀಕ್ಷಿಸುವ ಕೌಶಲ ಇದರಿಂದ ಕುಂದುವುದಿಲ್ಲವೇ?

ಉತ್ತರ: ಮೊದಲನೆಯದಕ್ಕೆ ಉತ್ತರ ಸುಲಭ. ಎಂಆರ್‌ಐಗೆ ರೋಗಿ ಅಲುಗಾಡದೆ ಮಲಗಿರಬೇಕು. ಅಲ್ಟ್ರಾಸೌಂಡ್‌ನಲ್ಲಾದರೋ ಆತ ತೋಳೆತ್ತುತ್ತಿರುವಾಗಲೇ ಭುಜದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ನಾರುಪಟ್ಟಿ) ಎಲ್ಲಿ ಸಿಕ್ಕಿಕೊಳ್ಳುತ್ತದೆ, ಮೊಣಕೈ ಮಡಿಸಿದಾಗ ಅದರ ಒಳಬದಿಯಲ್ಲಿ ಹಾಯುವ ಅಲ್ನಾರ್ ನರ ತನ್ನ ಜಾಗದಿಂದ ಜಾರುತ್ತದೆಯೇ ಎಂಬುದನ್ನು ಕಣ್ಣೆದುರೇ ನೋಡಬಹುದು, ನೋವಿಲ್ಲದ ಬದಿಯೊಂದಿಗೆ ಆಗಲೇ ಹೋಲಿಸಲೂಬಹುದು. ಆದರೆ ಈ ತರಂಗಗಳು ಮೂಳೆಯನ್ನು ದಾಟಿ ಹೋಗಲಾರವು. ಆದ್ದರಿಂದ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕ್ರೂಸಿಯೇಟ್ ಲಿಗಮೆಂಟ್, ಅಲ್ಲಿನ ಮೆತ್ತೆಯಂಥ ಮೃದ್ವಸ್ಥಿಯಾದ ಮೆನಿಸ್ಕಸ್‌ನ ಒಳಭಾಗ, ಮೂಳೆಮಜ್ಜೆ ಇವುಗಳಿಗೆ ಎಂಆರ್‌ಐ ಬೇಕೇ ಬೇಕು.

ನಿಮ್ಮ ಎರಡನೆಯ ಆತಂಕ ನಿರಾಧಾರವೇನಲ್ಲ, ಆದರೆ ಅದು ನಿಜವಾಗುವುದು ಪ್ರೋಬನ್ನು (ಚರ್ಮದ ಮೇಲಿಟ್ಟು ಚಿತ್ರ ಪಡೆಯುವ ಅಲ್ಟ್ರಾಸೌಂಡ್ ಸಾಧನ) ಮೊದಲು ಇಟ್ಟು ಬೆರಳನ್ನು ಮರೆತಾಗ ಮಾತ್ರ. ಮುಟ್ಟುವುದಕ್ಕೂ ಮಿತಿಯಿದೆ: ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಅದು ಮಂಡಿಯ ಹಿಂದಿನ ಬೇಕರ್ ಸಿಸ್ಟ್ (ದ್ರವ ತುಂಬಿದ ಚೀಲ) ಒಡೆದದ್ದರಿಂದಲೋ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದಲೋ ಎಂದು ಕೈ ಹೇಳಲಾರದು, ಬೇಕರ್ ಸಿಸ್ಟನ್ನು ರಕ್ತ ಹೆಪ್ಪುಗಟ್ಟಿ ಆಗುವ ಅಭಿಧಮನಿಯ ಉರಿಯೂತದಿಂದ ಅಲ್ಟ್ರಾಸೌಂಡ್ ಮೂಲಕ ಬೇರ್ಪಡಿಸಬಹುದೆಂದು 1972ರಲ್ಲೇ ವರದಿಯಾಗಿತ್ತು. ನನ್ನ ಸಲಹೆಯಿಷ್ಟೇ. ರೋಗಿಯ ಮಾತು ಕೇಳಿ, ಮುಟ್ಟಿ ನೋಡಿ, ನಿಮ್ಮ ಊಹೆಯನ್ನು ಬರೆದಿಟ್ಟು, ಆ ಬಳಿಕವೇ ಪ್ರೋಬ್ ಹಿಡಿಯಿರಿ. ಭುಜದ ಮುಂಭಾಗದಲ್ಲಿ ಬೈಸೆಪ್ಸ್ ರಜ್ಜುವೆಂದು ನೀವು ಒತ್ತಿದ ಜಾಗ ನಿಜಕ್ಕೂ ಅದರ ಮೇಲೆಯೇ ಇತ್ತೇ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ, ಮುಂದಿನ ಸಲ ಬೆರಳು ತಾನೇ ಸರಿಯಾದ ಜಾಗಕ್ಕೆ ಹೋಗುತ್ತದೆ. ಅಂಗರಚನೆಯನ್ನು ಬದುಕಿರುವ ದೇಹದಲ್ಲಿ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋರುವುದಿಲ್ಲ.

ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವುದು ಆ್ಯನೈಸೊಟ್ರಪಿ, ಅಂದರೆ ತರಂಗ ಬೀಳುವ ಕೋನಕ್ಕೆ ತಕ್ಕಂತೆ ಚಿತ್ರ ಬದಲಾಗುವುದು. ಆರೋಗ್ಯಕರ ರಜ್ಜುವಿನ ನಾರುಗಳಿಗೆ ತರಂಗ ಲಂಬವಾಗಿ ಬಿದ್ದರೆ ಅದು ಬೆಳ್ಳಗೆ, ಗೆರೆಗೆರೆಯಾಗಿ ಕಾಣುತ್ತದೆ. ಪ್ರೋಬ್ ಕೆಲವೇ ಡಿಗ್ರಿ ಓರೆಯಾದರೂ ಪ್ರತಿಧ್ವನಿ ಬೇರೆಡೆಗೆ ಹೋಗಿ ಅಲ್ಲಿ ಕಪ್ಪು ಮೂಡುತ್ತದೆ. ಅದನ್ನೇ ಹರಿದಿದೆ ಎಂದು ಓದಿಬಿಡುವವರು ಕಡಿಮೆಯಿಲ್ಲ. ಪ್ರೋಬನ್ನು ಮೆಲ್ಲಗೆ ವಾಲಿಸಿದಾಗ ಕಪ್ಪು ಮಾಯವಾದರೆ ಅದು ಗಾಯವಲ್ಲ. ಉಳಿದರೂ ಉದ್ದ, ಅಡ್ಡ ಎರಡೂ ದಿಕ್ಕುಗಳಲ್ಲಿ ಕಂಡ ಮೇಲೆಯೇ ನಂಬಬೇಕು. ಜೊತೆಗೆ, ಹೆಚ್ಚಿನ ಆವರ್ತನದಲ್ಲಿ ಚಿತ್ರ ಸ್ಪಷ್ಟ, ಆಳ ಕಡಿಮೆ. ಹಾಗಾಗಿ ಮಣಿಕಟ್ಟಿಗೆ ಹೊಂದುವ ಪ್ರೋಬ್ ಸೊಂಟದ ಕೀಲಿಗೆ ಸಾಲದು.

ರಜ್ಜು ನಿಜವಾಗಿಯೇ ಹರಿದಿರುವುದು ಕಂಡರೂ ನೋವಿಗೆ ಅದೇ ಕಾರಣವೆಂದು ಹೇಳುವಂತಿಲ್ಲ. ವಯಸ್ಸಾದವರಲ್ಲಿ ಯಾವ ನೋವೂ ಇಲ್ಲದ ಭುಜಗಳಲ್ಲಿಯೂ ರೊಟೇಟರ್ ಕಫ್ (ಭುಜದ ಕೀಲನ್ನು ಸುತ್ತುವರಿದ ಸ್ನಾಯು-ರಜ್ಜುಗಳ ಗುಂಪು) ಹರಿದಿರುವುದು ಅಪರೂಪವಲ್ಲ. ಅದಕ್ಕೇ ಬರೆದಿಟ್ಟ ಊಹೆ ಬೇಕು: ಪರದೆಯ ಮೇಲೆ ಕಂಡದ್ದು ರೋಗಿ ತೋರಿಸಿದ ಜಾಗಕ್ಕೂ, ನೋವು ತರುವ ಚಲನೆಗೂ ಹೊಂದದಿದ್ದರೆ, ಅದನ್ನು ವರದಿಯಲ್ಲಿ ದಾಖಲಿಸಿ ನೋವಿನ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.