ಪೇಟಿ (ಹಾರ್ಮೋನಿಯಂ) ಮಾಸ್ತರರನ್ನು ಕೇಳಿ: ರಾಜನಿಗೆ ಒಳ್ಳೆಯ ಮಟ್ಟು ಕೊಡಿ

ಕಾಲೇಜಿನ ಗ್ಯಾದರಿಂಗಿಗೆ ದೇಶದ ಪ್ರಧಾನಿಯ ಮೇಲೆ ಹಾಡಿನ ನಗೆನಾಟಕ ಮಾಡುತ್ತಿದ್ದೇವೆ. ಪ್ರಧಾನಿ ಪಾತ್ರದವನು ಬೇಕಂತಲೇ ಶ್ರುತಿ ಬಿಟ್ಟು ಹಾಡಿದರೆ ಜನ ನಗುತ್ತಾರೆ ಅಲ್ವಾ?
– ವಿದ್ಯಾರ್ಥಿಗಳು, ಆಳಂದ

ನಗುತ್ತಾರೆ, ಎರಡು ನಿಮಿಷ. ಆಮೇಲೆ ಎದ್ದು ಚುರುಮುರಿ ಅಂಗಡಿಗೆ ಹೋಗುತ್ತಾರೆ.

ಈ ತಪ್ಪು ನಾನೂ ಮಾಡಿದ್ದೇನೆ. ಸೇಡಂ ಕಡೆಯ ಒಂದು ಜಾತ್ರೆ. ನಾಟಕದಲ್ಲಿ ಬಾವಿ ತೋಡಿಸುತ್ತೇನೆ ಅಂತ ಸುಳ್ಳು ಹೇಳುವ ಮಂತ್ರಿ. ಹಾಡುವ ಹುಡುಗನಿಗೆ ಕರಿ ಎರಡರ ಶ್ರುತಿ ಹೊಂದುತ್ತಿತ್ತು. ನಾನು ಪೇಟಿಯಲ್ಲಿ ಅದಕ್ಕಿಂತ ಎತ್ತರದ ಬಿಳಿ ಐದು ಹಿಡಿದೆ, ದನಿ ಒಡೆಯಲಿ ಅಂತ. ಒಡೆಯಿತು. ಜನ "ಏ, ಇವನ್ನ ಕೆಳಗ ಇಳಸ್ರೋ" ಅಂದರು. ಬೈಸಿಕೊಂಡವನು ಆ ಬಡಪಾಯಿ ಹುಡುಗ. ಮಂತ್ರಿಗೆ ಏನೂ ಆಗಲಿಲ್ಲ.

ಮುಂದಿನ ಊರಿನಲ್ಲಿ ಅದೇ ಹಾಡಿಗೆ ಭೈರವಿಯಲ್ಲಿ ಭಜನೆಯ ಧಾಟಿ ಹಾಕಿದೆ. ಮೊದಲ ನುಡಿಗೆ ಜನ ತಾಳ ಹಾಕಿದರು. ಎರಡನೆಯದಕ್ಕೆ ದನಿಗೂಡಿಸಿದರು. ಮೂರನೆಯ ನುಡಿಯಲ್ಲಿ ಬಾವಿ ಎಲ್ಲಿದೆ ಅಂದರೆ ಕಾಗದದಲ್ಲಿದೆ ಅಂತ ಬರುತ್ತದೆ. ತಾಳ ಹಾಕುತ್ತಿದ್ದ ಕೈ ಅಲ್ಲೇ ನಿಂತವು. ಮುಂದಿನ ಸಾಲಿನಲ್ಲಿ ಕೂತ ಮುದುಕರೊಬ್ಬರು ಟವೆಲ್ಲಿನ ತುದಿ ಬಾಯಿಗೆ ಒತ್ತಿಕೊಂಡು ನಕ್ಕರು. ನಿಮಗೆ ಬೇಕಾದದ್ದು ಆ ನಗು. ನಾಟಕದ ಅತ್ಯಂತ ಸಿಹಿಯಾದ ಮಟ್ಟನ್ನು ಪ್ರಧಾನಿಗೇ ಕೊಡಿ.

ನಮ್ಮ ಬಯಲಾಟ ದೊಡ್ಡಾಟದಲ್ಲಿ ಆಟ ನಡೆಸಿಕೊಡುವ ಸಾರಥಿ ಇರುತ್ತಾನಲ್ಲ, ಅವನನ್ನೂ ಎರವಲು ತನ್ನಿ. ರಾಜ ಕುಣಿಯುತ್ತಾ ಬಂದಾಗ ಅವನು ಏನೂ ಗೊತ್ತಿಲ್ಲದವನ ಹಾಗೆ "ತಾವು ಯಾರು?" ಅಂತ ಕೇಳುತ್ತಾನೆ. ರಾಜ ತನ್ನ ಹೊಗಳಿಕೆ ತಾನೇ ಹಾಡಿಕೊಳ್ಳಬೇಕು. ನೀವು ಬೇರೆ ಬೈಯುವುದು ಬೇಕಾಗಿಲ್ಲ.

ಅಧಿಕಾರದಲ್ಲಿ ಇರುವ ನಾಯಕನ ಮೇಲೆಯೇ ಹೊರದೇಶದಲ್ಲಿ ಹೀಗೆ ಆಡಿದ್ದುಂಟೇ?
– ಒಬ್ಬ ಶಿಕ್ಷಕಿ, ಹುಮನಾಬಾದ್

ಉಂಟು. 1937ರಲ್ಲಿ ರೂಸ್‌ವೆಲ್ಟ್ ಅಮೆರಿಕದ ಅಧ್ಯಕ್ಷರಾಗಿದ್ದಾಗಲೇ ನ್ಯೂಯಾರ್ಕಿನಲ್ಲಿ 'ಐಡ್ ರಾದರ್ ಬಿ ರೈಟ್' ಎಂಬ ಸಂಗೀತ ನಾಟಕ ಬಂತು. ಕಥೆ ಕೇಳಿ: ಒಂದು ಜೋಡಿಗೆ ಮದುವೆ ಆಗಬೇಕು. ಹುಡುಗನ ಸಂಬಳ ಏರದೆ ಮದುವೆ ಇಲ್ಲ, ಸರ್ಕಾರದ ಬಜೆಟ್ ಸರಿದೂಗದೆ ಸಂಬಳ ಏರುವುದಿಲ್ಲ. ಮದುವೆ ಮಾಡಿಸಲು ಪಾಪ, ಅಧ್ಯಕ್ಷರೇ ಒದ್ದಾಡುತ್ತಾರೆ! ಪೋಲಿಯೊದಿಂದ ನಿಜವಾದ ರೂಸ್‌ವೆಲ್ಟರ ಕಾಲಿನ ಬಲ ಹೋಗಿತ್ತು. ರಂಗದ ಮೇಲಿನ ರೂಸ್‌ವೆಲ್ಟ್, ಅಂದರೆ ನಟ ಜಾರ್ಜ್ ಎಂ. ಕೊಹಾನ್, ಕುಣಿದರು. ಆಸ್ಟ್ರೇಲಿಯಾದಲ್ಲಿ 2005ರಲ್ಲಿ ಮಾಜಿ ಪ್ರಧಾನಿ ಪಾಲ್ ಕೀಟಿಂಗ್ ಮೇಲೆ ಇಂಥದ್ದೇ ಒಂದು ಬಂತು, 'ಕೀಟಿಂಗ್!' ಅಂತಲೇ ಹೆಸರು.

ಹೆಸರು ಹೇಳದೆ ಅಣಕಿಸಿದರೆ ಜನರಿಗೆ ತಿಳಿಯುತ್ತದಾ? ನಮ್ಮವರಿಗೆ ಪೊಲೀಸರ ಹೆದರಿಕೆ.
– ಹವ್ಯಾಸಿ ನಟ, ಶಹಾಪುರ

ಬ್ರಿಟಿಷರಿಗೇ ತಿಳಿದಿತ್ತಲ್ಲ! ನಾಟಕಕಾರ ಖಾಡಿಲ್ಕರ್ 1907ರಲ್ಲಿ ಮರಾಠಿಯಲ್ಲಿ 'ಕೀಚಕವಧ' ಬರೆದರು. ಅದರಲ್ಲಿ ವೈಸರಾಯ್ ಆಗಿದ್ದ ಕರ್ಜನ್ ಸಾಹೇಬನ ಹೆಸರೇ ಇಲ್ಲ. ಕೀಚಕ, ದ್ರೌಪದಿ, ಭೀಮ ಅಷ್ಟೇ. ಕೀಚಕ ಯಾರು ಅಂತ ನೋಡಿದವರಿಗೆಲ್ಲ ಗೊತ್ತು. 1910ರಲ್ಲಿ ಸರ್ಕಾರ ನಿಷೇಧ ಹಾಕಿತು. ಅದಕ್ಕೂ ಮೊದಲು ಕಲ್ಕತ್ತಾದ ನಾಟಕಗಳ ಬಾಯಿ ಮುಚ್ಚಿಸಲು 1876ರಲ್ಲಿ ಒಂದು ಕಾಯ್ದೆಯನ್ನೇ ತಂದಿದ್ದರು.

ನಮ್ಮ ಕಡೆಯವರಿಗೆ ವೇಷ ಹುಡುಕಲು ದೂರ ಹೋಗಬೇಕಾಗಿಲ್ಲ. ರಾಜಧಾನಿಯನ್ನೇ ದೆಹಲಿಯಿಂದ ದೌಲತಾಬಾದಿಗೆ ಎಳೆದ ತುಘಲಕ್ ಇದ್ದಾನೆ. ಅವನ ವಿರುದ್ಧ ಎದ್ದ ಬಹಮನಿಗಳು 1347ರಲ್ಲಿ ರಾಜ್ಯ ಕಟ್ಟಿದರು, ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಮೂಟೆ ಹೊತ್ತ ಜನ, ಮುಂದೆ ಕುದುರೆ ಮೇಲೆ ಸುಲ್ತಾನ, ಬಾಯಲ್ಲಿ ಇಂಪಾದ ಹಾಡು. ಸುಮ್ನೆ ಹಾಡಿಸಿ, ಸಾಕು.

ಇನ್ನು ಪೊಲೀಸರು. ನನ್ನ ಅನುಭವದಲ್ಲಿ ಅವರು ಮಾತಿಗಿಂತ ಜಾಸ್ತಿ ಮೈಕಿಗೆ ಬರುತ್ತಾರೆ. ರಾತ್ರಿ ಹತ್ತಕ್ಕೆ ಮೈಕ್ ಬಂದ್ ಆಗಬೇಕು. ಮೊದಲೇ ಪರವಾನಗಿ ತೆಗೆದುಕೊಳ್ಳಿ.

ಪೇಟಿ ಬದಲು ಕೀಬೋರ್ಡ್ ನಡೆಯುತ್ತದಾ?
– ಆಳಂದದವರೇ, ಇನ್ನೊಂದು ಚೀಟಿಯಲ್ಲಿ

ನಡೆಯುತ್ತದೆ. ಕರೆಂಟ್ ಹೋಗುವವರೆಗೆ.